ಫ್ಯಾಕ್ಸ್ ಕಾಲಮಿನ ಕಳಕಮ್ಮ

ನನಗೆ ಸಿಟ್ಟು ಬೇಗ ಬರುತ್ತದೆ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಾನು ಬರೆಯಹೊರಟಿರುವುದು ಕಳಕಮ್ಮನ ಬಗ್ಗೆಯಾದರೂ ಇದರಲ್ಲಿ ನನ್ನ ಸಿಟ್ಟಿಗೂ ಸ್ವಲ್ಪ ಕೆಲಸವಿದೆ. ಕೊಪ್ಪಳದ ಒಂದು ಸಹಕಾರ ಸಂಘದಲ್ಲಿ ನಾನು ಹದಿನೇಳು ವರ್ಷ ವ್ಯವಸ್ಥಾಪಕನಾಗಿದ್ದೆ. ಬಾಗಿಲ ಮೇಲೆ ‘ಗೋವಿಂದರಾಜ, ವ್ಯವಸ್ಥಾಪಕ’ ಎಂಬ ಫಲಕವಿತ್ತು. ಒಳಗಿನಿಂದ ಬೈಗುಳ ಕೇಳಿಸುತ್ತಿತ್ತು. ಆ ಕಚೇರಿಯಲ್ಲಿ ನಾನು ಬೈದಾಗ ಅಳದವಳು, ಎದುರಾಡದವಳು, ಹಿಂದಿನಿಂದ ಆಡಿಕೊಳ್ಳದವಳು ಅಂದರೆ ಕಳಕಮ್ಮ ಒಬ್ಬಳೇ. ನಾನು ರೇಗಿದರೆ ಆಕೆ ಪೆನ್ನು ತೆಗೆದು ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು, ರೈತರ ದೂರು ಬರೆದುಕೊಂಡ ಹಾಗೆಯೇ. ಆಮೇಲೆ ತಲೆ ಎತ್ತಿ, “ಮತ್ತೇನರ ಐತೇನ್ರಿ ಸರ?” ಎಂದು ಕೇಳುತ್ತಿದ್ದಳು. ಏನೂ ಉಳಿದಿರುತ್ತಿರಲಿಲ್ಲ.

ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಆ ವರ್ಷವೇ ನಮ್ಮ ಸಂಘವೂ ಹುಟ್ಟಿತು. ಕಾಗದದ ಮೇಲೆ ಅದರ ಹೆಸರು ಒಂದೂವರೆ ಸಾಲು ಉದ್ದವಿತ್ತು. ಜನ ‘ಮೋಟಾರ್ ಸೊಸೈಟಿ’ ಎಂದು ಕರೆದು ಮುಗಿಸಿದರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ರೈತರು ವರ್ಷಕ್ಕೊಮ್ಮೆ ವಂತಿಗೆ ಕಟ್ಟಿ ಸದಸ್ಯರಾಗಬೇಕು. ಹೊಲದ ಪಂಪ್‌ಸೆಟ್ ಕೆಟ್ಟರೆ ನಮ್ಮ ಕೌಂಟರಿಗೆ ದೂರು ಕೊಡಬೇಕು. ನಮ್ಮ ಮೆಕ್ಯಾನಿಕ್ ಹೊಲಕ್ಕೇ ಹೋಗಿ ರಿಪೇರಿ ಮಾಡಿ ಬರುತ್ತಾನೆ. ಇಷ್ಟೇ ನಮ್ಮ ವ್ಯವಹಾರ.

ಆ ಕೌಂಟರಿನಲ್ಲಿ ಕೂತವಳು ಕಳಕಮ್ಮ. ಯಲಬುರ್ಗಾ ಕಡೆಯ ಹಳ್ಳಿಯ ಹುಡುಗಿ, ಎಸ್ಸೆಸ್ಸೆಲ್ಸಿ ಪಾಸಾಗಿ ಟೈಪಿಂಗ್ ಕಲಿತು, ಕೊಪ್ಪಳಕ್ಕೆ ಅಂಟಿಕೊಂಡಂತಿರುವ ಭಾಗ್ಯನಗರಕ್ಕೆ ಮದುವೆಯಾಗಿ ಬಂದವಳು. ಗಂಡ ವಿರುಪಣ್ಣ ಅಲ್ಲೇ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ. ಅವಳ ನೇಮಕಾತಿ ಪತ್ರದಲ್ಲಿ ‘ತಾತ್ಕಾಲಿಕ’ ಎಂದು ನಾನೇ ಬರೆದಿದ್ದೆ. ಆ ಶಬ್ದ ಹದಿನಾಲ್ಕು ವರ್ಷ ಅಲ್ಲಾಡಲಿಲ್ಲ.

1998ರಲ್ಲಿ ಕಂಪ್ಯೂಟರ್ ಬಂತು. ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು ಎಂದು ನಾನು ಆಜ್ಞೆ ಹೊರಡಿಸಿದ್ದೆ. ಕಪ್ಪು ಪರದೆ, ಹಸಿರು ಅಕ್ಷರ, ಎಲ್ಲ ಇಂಗ್ಲಿಷು. ರಾಯಚೂರಿನ ಒಬ್ಬಾತ ಯಾವುದೋ ಸಿಮೆಂಟ್ ಡೀಲರನಿಗೆ ಮಾಡಿಕೊಟ್ಟ ಪ್ರೋಗ್ರಾಮನ್ನೇ ಅಲ್ಲಲ್ಲಿ ಹೆಸರು ಬದಲಿಸಿ ನಮಗೆ ಕೊಟ್ಟಿದ್ದ. ಅದಕ್ಕೇ ಸದಸ್ಯನ ಹೆಸರು, ಊರು, ಫೋನ್ ನಂಬರ್ ಆದಮೇಲೆ ‘ಫ್ಯಾಕ್ಸ್’ ಎಂಬ ಕಾಲಂ ಬರುತ್ತಿತ್ತು. ಫೋನೇ ಇಲ್ಲದ ರೈತನಿಗೆ ಫ್ಯಾಕ್ಸ್ ಎಲ್ಲಿಂದ ಬರಬೇಕು? ಖಾಲಿ ಬಿಡೋಣವೆಂದರೆ ಯಂತ್ರ ಕುಂಯ್ ಎಂದು ಕೂಗಿಕೊಂಡು ಮುಂದಕ್ಕೇ ಹೋಗುತ್ತಿರಲಿಲ್ಲ. ಸೊನ್ನೆ ಹೊಡೆಯಿರಿ ಎಂದೆ. ಕಳಕಮ್ಮ ಒಂದು ವರ್ಷ ಸೊನ್ನೆ ಹೊಡೆದಳು.

ಮರುವರ್ಷ ಹುಲಿಹೈದರದ ಹುಲಿಗೆಪ್ಪ ಎಂಬುವನ ಮೋಟಾರ್ ಕೆಟ್ಟಿತು. ಮೆಕ್ಯಾನಿಕ್ ಗಾದಿಲಿಂಗಪ್ಪ ಚೀಲ ಹೊತ್ತು ಬಸ್ಸು ಹತ್ತಿ ಹೋದ. ಆ ಊರಲ್ಲಿ ಹುಲಿಗೆಪ್ಪ ಎನ್ನುವವರು ಏಳು ಮಂದಿ ಇದ್ದರು. ಇವನಿಗೆ ಸಿಕ್ಕ ಹುಲಿಗೆಪ್ಪ ಭಾಳ ಒಳ್ಳೆಯ ಮನುಷ್ಯ; ಸೊಸೈಟಿಯವರು ತಾವಾಗಿಯೇ ವಿಚಾರಿಸಲು ಬಂದಿದ್ದಾರೆ ಎಂದು ಹಿಗ್ಗಿ ರೊಟ್ಟಿ ಊಟ ಹಾಕಿಸಿದ. ಗಾದಿಲಿಂಗಪ್ಪ ಚೆನ್ನಾಗಿಯೇ ಇದ್ದ ಮೋಟಾರನ್ನು ಬಿಚ್ಚಿ, ಒರೆಸಿ, ಜೋಡಿಸಿ ಬಂದ. ನಾಲ್ಕನೆಯ ದಿನ ಅಸಲು ಹುಲಿಗೆಪ್ಪ ಬಂದು ಬಾಡಿದ ಶೇಂಗಾ ಗಿಡವೊಂದನ್ನು ಬೇರುಸಮೇತ ಕೌಂಟರಿನ ಮೇಲಿಟ್ಟ. ನಾನು ಗಾದಿಲಿಂಗಪ್ಪನ ಮೇಲೆ ಹರಿಹಾಯ್ದೆ. ಕಳಕಮ್ಮ ಮಾತ್ರ ಆ ಗಿಡವನ್ನು ಬದಿಗೆ ಸರಿಸಿ, ನಿಮ್ಮೂರಿಗೆ ಬಂದವರು ನಿಮ್ಮನ್ನು ಹುಡುಕುವುದು ಹೇಗೆ ಎಂದು ಅವನನ್ನು ಕೇಳಿದಳು. ಅಲ್ಲಾಸಾಬನ ಕಿರಾಣಿ ಅಂಗಡಿ ಮುಂದೆ ನಿಂತು ಕೇಳಿದರೆ ಅವನೇ ಕೂಗಿ ಕರೆಯುತ್ತಾನೆ ಎಂದು ಹುಲಿಗೆಪ್ಪ ಹೇಳಿದ. ಆಕೆ ಫ್ಯಾಕ್ಸ್ ಕಾಲಮಿನ ಸೊನ್ನೆಯನ್ನು ಅಳಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಹೊಡೆದಳು: ಅಲ್ಲಾಸಾಬ ಕಿರಾಣಿ ಕೂಗು.

ಅಂದಿನಿಂದ ಆ ಕಾಲಂ ಅವಳದಾಯಿತು. ಮೂವತ್ತು ಅಕ್ಷರ ಹಿಡಿಸುತ್ತಿತ್ತು. ಅಷ್ಟರಲ್ಲೇ ಆಕೆ ಗಿರಣಿಯವರನ್ನು, ಅಂಗನವಾಡಿಯ ಆಯಾಗಳನ್ನು, ಊರಬಾಗಿಲ ಅಗಸಿಯಲ್ಲಿ ಕೂರುವ ಮುದುಕರನ್ನು ಕೂರಿಸಿದಳು. ನನಗೆ ಇದು ಗೊತ್ತೇ ಇರಲಿಲ್ಲ. ಮೆಕ್ಯಾನಿಕರು ದಾರಿ ತಪ್ಪುವುದು ನಿಂತಾಗ ಅದು ನನ್ನ ಬೈಗುಳದ ಪ್ರಭಾವ ಎಂದೇ ತಿಳಿದು ಮೀಸೆ ತಿರುವುತ್ತಿದ್ದೆ.

ಆಕೆಯ ಇನ್ನೊಂದು ರೀತಿ ಮಾತ್ರ ನನ್ನ ಕಿವಿಗೆ ದಿನವೂ ಬೀಳುತ್ತಿತ್ತು. ರೈತ ಬಂದು “ಮೋಟಾರ್ ಕೆಟ್ಟೈತ್ರಿ” ಎಂದರೆ ಆಕೆ ಬರೆದುಕೊಳ್ಳುತ್ತಿರಲಿಲ್ಲ. “ಹೆಂಗ ಸಪ್ಪಳ ಮಾಡ್ತೈತಿ? ಮಾಡಿ ತೋರಸ್ರಿ” ಎನ್ನುತ್ತಿದ್ದಳು. ಪಟಗಾ ಸುತ್ತಿದ ದೊಡ್ಡ ಮನುಷ್ಯರು ಕೌಂಟರಿನ ಮುಂದೆ ನಿಂತು ಗುಂಯ್ ಎನ್ನುತ್ತಿದ್ದರು, ಗರಗರ ಎನ್ನುತ್ತಿದ್ದರು, ಕಟಕಟ ಎನ್ನುತ್ತಿದ್ದರು. ಫೋನಿನಲ್ಲಿ ದೂರು ಕೊಡುವವರೂ ಅದನ್ನೇ ಮಾಡಬೇಕು. ಗುಂಯ್ ಎಂದು ತಿರುಗದೆ ನಿಂತರೆ ಕರೆಂಟಿನ ಮೂರು ಫೇಸಿನಲ್ಲಿ ಒಂದು ಬರುತ್ತಿಲ್ಲ, ಗರಗರ ಎಂದರೆ ಬೇರಿಂಗ್ ಹೋಗಿದೆ, ಕಟಕಟ ಎಂದರೆ ಒಳಗೆ ಹರಳುಕಲ್ಲು ಸಿಕ್ಕಿದೆ. ಇದನ್ನೆಲ್ಲ ಆಕೆ ಗಾದಿಲಿಂಗಪ್ಪನಿಂದ ಕೇಳಿ ಕೇಳಿ ಕಲಿತಿದ್ದಳು. ಮೆಕ್ಯಾನಿಕ್ ಬೇಕಾದ ಸಾಮಾನನ್ನೇ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದ, ಒಂದೇ ಸಲಕ್ಕೆ ಕೆಲಸ ಮುಗಿಯುತ್ತಿತ್ತು. ನಾನು ನೋಡಿದ್ದು ಗದ್ದಲವನ್ನು ಮಾತ್ರ. ‘ಕೌಂಟರ್ ಮುಂದೆ ವಿಚಿತ್ರ ಶಬ್ದ ಮಾಡಬಾರದು’ ಎಂದು ಒಂದು ಬೋರ್ಡ್ ಬರೆಸಿ ಹಾಕಿದೆ. ಜನ ಅದನ್ನು ಓದಿ, ಅದರ ಕೆಳಗೇ ನಿಂತು ಶಬ್ದ ಮಾಡುತ್ತಿದ್ದರು.

ಹೀಗೇ ಹದಿಮೂರು ವರ್ಷ ಕಳೆಯಿತು. 2011ರ ಕೊನೆಗೆ ಹಳೆಯ ಕಂಪ್ಯೂಟರ್ ದಿನಕ್ಕೆರಡು ಸಲ ಮಲಗತೊಡಗಿತು. ಅದೇ ಹೊತ್ತಿಗೆ ಸಂಘಗಳ ಆಧುನೀಕರಣಕ್ಕೆಂದು ಅನುದಾನ ಮಂಜೂರಾಯಿತು. ದೂರುಗಳಿಗೆ ವೆಬ್ ಪೋರ್ಟಲ್ ಮಾಡಿಸಬೇಕು, ರೈತ ಮನೆಯಿಂದಲೇ ದೂರು ಕೊಡಬೇಕು, ಮೆಕ್ಯಾನಿಕನ ಮೊಬೈಲಿಗೆ ಅದು ನೇರ ಹೋಗಬೇಕು. ಯಾವ ಕಂಪನಿಯ ಪೋರ್ಟಲ್ ಒಳ್ಳೆಯದೆಂದು ಪರೀಕ್ಷಿಸಲು ಮೂವರ ಸಮಿತಿಯಾಯಿತು: ಅಧ್ಯಕ್ಷರಾದ ಹಂಪಣ್ಣ, ನಾನು, ಮತ್ತು ‘ಬಳಸುವವರ ಪೈಕಿ ಒಬ್ಬರು’ ಎಂಬ ನಿಯಮಕ್ಕಾಗಿ ಕಳಕಮ್ಮ. 2012ರ ಮಾರ್ಚ್ 31ರೊಳಗೆ ಮೂವರೂ ಸಹಿ ಹಾಕಬೇಕು, ಇಲ್ಲದಿದ್ದರೆ ಅನುದಾನ ವಾಪಸು. ಆಡಳಿತ ಮಂಡಳಿ ಅದೇ ಸಭೆಯಲ್ಲಿ ಇನ್ನೊಂದು ಠರಾವನ್ನೂ ಮಾಡಿತು. ಪೋರ್ಟಲ್ ಬಂದ ಮರುದಿನದಿಂದ ದೂರಿನ ಕೌಂಟರ್ ಬಂದ್, ಆ ಹುದ್ದೆ ರದ್ದು.

ಅಂದರೆ ಕಳಕಮ್ಮ ಸಹಿ ಹಾಕಿದರೆ ಅವಳ ನೌಕರಿ ಹೋಗುತ್ತದೆ. ಸಹಿ ಹಾಕದಿದ್ದರೆ ಉಳಿಯುತ್ತದೆ. ಮಗಳು ಭವಾನಿ ಆಗಷ್ಟೇ ಪಿಯುಸಿಗೆ ಸೇರಿದ್ದಳು, ವಿರುಪಣ್ಣನ ದುಡಿಮೆ ಮನೆಗೇ ಸಾಲುತ್ತಿರಲಿಲ್ಲ. ಠರಾವನ್ನು ಓದಿ ಹೇಳಿದಾಗ ಆಕೆ ಅದನ್ನೂ ಬರೆದುಕೊಂಡಳು.

ಮೂರು ಕಂಪನಿಗಳು ಬಂದವು. ಬೆಂಗಳೂರಿನದೊಂದು, ಹೈದರಾಬಾದಿನದೊಂದು, ಹುಬ್ಬಳ್ಳಿಯದೊಂದು. ನಾನು ಇಲಾಖೆಯ ಸುತ್ತೋಲೆ ನೋಡಿ ಹನ್ನೆರಡು ಅಂಶಗಳ ಅಂಕಪಟ್ಟಿ ತಯಾರಿಸಿದ್ದೆ: ಭದ್ರತೆ, ವೇಗ, ವರದಿಗಳು, ಅದು ಇದು. ಕಳಕಮ್ಮ ಅದನ್ನು ಎರಡು ಸಲ ಓದಿ ಕೆಳಗೆ ಪೆನ್ನಿನಿಂದ ಹದಿಮೂರನೆಯ ಸಾಲು ಗೀಚಿದಳು: ರೈತ ಕೂತು ದೂರು ಕೊಟ್ಟು ನೋಡಬೇಕು. ಕಂಪನಿಯವರು ಬರುವ ದಿನ ಕೌಂಟರಿಗೆ ಬಂದಿದ್ದ ಮೂವರು ರೈತರನ್ನು ಸಭೆಯ ಕೋಣೆಗೇ ಕರೆತಂದಳು.

ಬೆಂಗಳೂರಿನವರ ಪರದೆಯ ಮೇಲೆ ದೂರುಗಳ ಲೆಕ್ಕ ತೋರಿಸುವ ಬಣ್ಣಬಣ್ಣದ ದುಂಡು ಚಿತ್ರ ಬಂತು. ನಾನು ಅಲ್ಲಿಯೇ ಸೋತೆ. ಹಂಪಣ್ಣನವರೂ ಕನ್ನಡಕ ಏರಿಸಿದರು. ಆದರೆ ದೂರು ಕೊಡುವ ಪುಟದಲ್ಲಿ ಒಂಬತ್ತು ಬಗೆಯ ದೋಷಗಳು ಇಂಗ್ಲಿಷಿನಲ್ಲಿದ್ದವು, ಅದರಲ್ಲೊಂದನ್ನು ಆರಿಸಬೇಕು. ಕಳಕಮ್ಮ ಕರೆತಂದ ಮುದುಕ ಪರದೆಯನ್ನು ನೋಡಿ, ಇಂಜಿನಿಯರನನ್ನು ನೋಡಿ, ಕೊನೆಗೆ ತನಗೆ ಗೊತ್ತಿದ್ದ ರೀತಿಯಲ್ಲಿ ಗರಗರ ಎಂದ. ಇಂಜಿನಿಯರ್ ನಕ್ಕ. ಹೈದರಾಬಾದಿನವರು ನಗಲಿಲ್ಲ, ಆ ಥರ ಬದಲಾಯಿಸಲು ಬೇರೆ ಒಪ್ಪಂದ ಬೇಕು ಎಂದರು. ಹುಬ್ಬಳ್ಳಿಯಿಂದ ಬಂದಾತ ಶರಣಕುಮಾರ. ಅವನ ಕಂಪನಿಯಲ್ಲಿ ಒಟ್ಟು ನಾಲ್ಕೇ ಜನ. ಅವನು ಲ್ಯಾಪ್‌ಟಾಪ್ ಬದಿಗಿಟ್ಟು, ನೋಟ್‌ಬುಕ್ ತೆರೆದು, “ಅಜ್ಜಾರ, ಇನ್ನೊಮ್ಮೆ ಮಾಡ್ರಿ” ಎಂದ. ಗುಂಯ್, ಗರಗರ, ಕಟಕಟ, ಸುಟ್ಟ ವಾಸನೆ, ಸಪ್ಪಳವೇ ಇಲ್ಲ, ಎಲ್ಲವನ್ನೂ ಬರೆದುಕೊಂಡ. ಕಳಕಮ್ಮ ತನ್ನಂತೆಯೇ ಬರೆದುಕೊಳ್ಳುವವನೊಬ್ಬನನ್ನು ಅಂದು ಮೊದಲ ಸಲ ನೋಡಿದಳು. ಹದಿಮೂರನೆಯ ಸಾಲಿನಲ್ಲಿ ಅವನಿಗೆ ಪೂರ್ತಿ ಅಂಕ ಬಿತ್ತು. ನಾನು ದುಂಡು ಚಿತ್ರದ ಆಸೆ ಬಿಡಲು ಎರಡು ದಿನ ಹಿಡಿಯಿತು.

ಎಲ್ಲ ಸಲೀಸಾಗಿ ಮುಗಿಯಿತು ಎಂದುಕೊಂಡೆವು. ಫೆಬ್ರವರಿ ಕೊನೆಗೆ ಶರಣಕುಮಾರ ಹಳೆಯ ಕಂಪ್ಯೂಟರಿನ ಆರು ಸಾವಿರ ಸದಸ್ಯರನ್ನು ಹೊಸ ಪೋರ್ಟಲಿಗೆ ಸಾಗಿಸಿ ಪರೀಕ್ಷೆಗೆ ಇಟ್ಟ. ಹುಲಿಹೈದರ ಒತ್ತಿದಾಗ ಪರದೆಯ ಮೇಲೆ ಒಬ್ಬನೇ ಸದಸ್ಯ ಬಂದ: ಅಲ್ಲಾಸಾಬ, ಮೋಟಾರುಗಳು ನಲವತ್ತಮೂರು. ನಮ್ಮ ಗಂಗಾವತಿಯ ರೈಸ್ ಮಿಲ್ಲಿನವರಿಗೂ ಇಷ್ಟು ಮೋಟಾರಿಲ್ಲ ಎಂದು ಹಂಪಣ್ಣನವರು ಬೆರಗಾದರು. ಆದದ್ದಿಷ್ಟೇ. ಪೋರ್ಟಲಿನಲ್ಲಿ ಒಂದು ಫೋನ್ ನಂಬರಿಗೆ ಒಬ್ಬನೇ ಮನುಷ್ಯ. ನಮ್ಮ ಹಳ್ಳಿಗಳಲ್ಲಿ ಒಂದು ಫೋನಿಗೆ ಒಂದು ಓಣಿ. ಹುಲಿಹೈದರದ ನಲವತ್ತೆರಡು ಮಂದಿ ಎಸ್‌ಟಿಡಿ ಬೂತಿನ ಕಾಲದಿಂದಲೂ ಅಲ್ಲಾಸಾಬನ ಅಂಗಡಿಯ ನಂಬರನ್ನೇ ಬರೆಸಿದ್ದರು; ಎಸ್‌ಟಿಡಿ ಹೋಗಿ ಮೊಬೈಲ್ ಬಂದರೂ ಅವನದೇ ಮೊಬೈಲ್. ಯಂತ್ರ ಎಲ್ಲರನ್ನೂ ಕಲಸಿ ಒಬ್ಬನನ್ನಾಗಿ ಮಾಡಿತ್ತು.

ಶರಣಕುಮಾರ ಇನ್ನೊಂದು ವಿಷಯವನ್ನೂ ತೆಗೆದ. ಫ್ಯಾಕ್ಸ್ ಕಾಲಮಿನಲ್ಲಿ ಏನೇನೋ ಕಸ ತುಂಬಿದೆ, ಈಗ ಫ್ಯಾಕ್ಸ್ ಯಾರಿಗೂ ಬೇಡ, ತೆಗೆದುಬಿಡಲೇ ಎಂದು ಕೇಳಿದ. ತೆಗೆಯಪ್ಪಾ ಎಂದೆ. ಕಳಕಮ್ಮ ಬೇಡ ಎಂದಳು. ಹದಿನಾಲ್ಕು ವರ್ಷಗಳಲ್ಲಿ ಆಕೆ ನನ್ನ ಮಾತಿಗೆ ಬೇಡ ಎಂದದ್ದು ಅದೇ ಮೊದಲು. ನಾನು ಆ ಕಾಲಮನ್ನು ಪ್ರಿಂಟ್ ತೆಗೆಸಿದೆ. ನೋಡುತ್ತ ಹೋದರೆ ಕಿರಾಣಿ, ಗಿರಣಿ, ಅಗಸಿ. ನಡುನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಕೌಂಟರ್ ಕಳಕಮ್ಮ’ ಎಂಬ ಸಾಲು. ಮತ್ತೆ ‘ಕೌಂಟರ್ ಕಳಕಮ್ಮ’. ಎಣಿಸಿದರೆ ಇನ್ನೂರ ಹನ್ನೆರಡು ಸಲ.

ನನ್ನ ನೆತ್ತಿಗೇರಿತು. ಹಂಪಣ್ಣನವರ ಎದುರಿಗೆ, ಶರಣಕುಮಾರನ ಎದುರಿಗೆ, ಚಹಾ ತಂದವನ ಎದುರಿಗೆ ಅಂದುಬಿಟ್ಟೆ: “ನಿಮ್ಮ ಹೆಸರ ನೀವ ಬರಕೊಂಡು ಕುರ್ಚಿ ಗಟ್ಟಿ ಮಾಡ್ಕೊಂಡೀರಿ. ಮಾರ್ಚ್ ಮುಗೀಲಿ ಅಂತ ಈಗ ನೆವಾ ಹುಡುಕಾಕ ಹತ್ತೀರಿ.”

ಆಕೆ ಅಂದು ಪೆನ್ನು ತೆಗೆಯಲಿಲ್ಲ. “ಕುರ್ಚಿ ಹೋದ್ರ ನಾ ಮನ್ಯಾಗ ಕುಂದ್ರತೀನ್ರಿ ಸರ. ಈ ಇನ್ನೂರ ಹನ್ನೆರಡು ಮಂದಿ ಎಲ್ಲಿ ಹೋಗಿ ನಿಂದ್ರಬೇಕ್ರಿ?”

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಈ ಇನ್ನೂರ ಹನ್ನೆರಡು ಮಂದಿಗೆ ಫೋನಿಲ್ಲ, ಕೂಗಿ ಕರೆಯುವವರೂ ಇಲ್ಲ. ಯಲಬುರ್ಗಾ ತಾಲ್ಲೂಕಿನ ಹುಲಿಗವ್ವ ಎಂಬಾಕೆ ಊರ ಹೊರಗೆ ಒಬ್ಬಳೇ ಎರಡೆಕರೆ ಮಾಡಿಕೊಂಡಿದ್ದಾಳೆ. ಮೋಟಾರ್ ಕೆಟ್ಟರೆ ಬಸ್ಸು ಹತ್ತಿ ಕೊಪ್ಪಳಕ್ಕೆ ಬಂದು ಕೌಂಟರಿನ ಮುಂದೆ ಕೂರುತ್ತಾಳೆ. ಕಳಕಮ್ಮ ಮೆಕ್ಯಾನಿಕನನ್ನು ಅವಳ ಜೊತೆಗೇ ಅದೇ ಬಸ್ಸಿಗೆ ಹತ್ತಿಸುತ್ತಾಳೆ. ಕೌಂಟರ್ ಮುಚ್ಚಿದ ಮೇಲೆ ಹುಲಿಗವ್ವ ಬಂದು ಯಾರ ಮುಂದೆ ಕೂರಬೇಕು? ಪೋರ್ಟಲ್ ಬರಲಿ, ಭಾಳ ಛಲೋ, ಮಳೆಗಾಲದಲ್ಲಿ ಬಸ್ಸಿಗೆ ಕಾಯುವುದು ತಪ್ಪುತ್ತದೆ. ಆದರೆ ಸದಸ್ಯರನ್ನು ಫೋನ್ ನಂಬರಿನಿಂದ ಗುರುತಿಸಬಾರದು, ಸದಸ್ಯತ್ವದ ನಂಬರಿನಿಂದ ಗುರುತಿಸಬೇಕು. ಒಂದು ಫೋನಿನಿಂದ ನೂರು ಜನರ ದೂರನ್ನಾದರೂ ಕೊಡುವಂತಿರಬೇಕು. ಫ್ಯಾಕ್ಸ್ ಕಾಲಂ ಹೆಸರು ಬದಲಾಗಿ ಉಳಿಯಬೇಕು. ಅಷ್ಟಾದರೆ ತಾನು ಸಹಿ ಹಾಕುತ್ತೇನೆ.

ಶರಣಕುಮಾರ ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತಿರುವಿ, “ಮೂರು ವಾರ ಬೇಕ್ರಿ ಅಕ್ಕಾರ” ಎಂದ.

ಆ ಮೂರು ವಾರ ಕಳಕಮ್ಮ ಮಾಡಿದ ಕೆಲಸವನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯೂ ಹೆಮ್ಮೆಯೂ ಒಟ್ಟಿಗೇ ಆಗುತ್ತವೆ. ಕಾಯುತ್ತ ಕೂತರೆ ಸಾಕಿತ್ತು. ಶರಣಕುಮಾರನ ಕೆಲಸ ತಡವಾಗಿದ್ದರೆ ಅನುದಾನ ತಾನಾಗಿ ವಾಪಸ್ಸಾಗುತ್ತಿತ್ತು, ಕುರ್ಚಿ ಉಳಿಯುತ್ತಿತ್ತು, ಅವಳ ಮೇಲೆ ಮಾತೂ ಬರುತ್ತಿರಲಿಲ್ಲ. ಆಕೆ ಸಂಜೆ ಕೌಂಟರ್ ಮುಚ್ಚಿದ ಮೇಲೆ ಹುಬ್ಬಳ್ಳಿಗೆ ಫೋನ್ ಮಾಡಿ ಆ ದಿನ ಸರಿಮಾಡಿದ್ದನ್ನು ತಾನೇ ಪರೀಕ್ಷಿಸಿ ತಪ್ಪು ಹೇಳುತ್ತಿದ್ದಳು. ಭಾನುವಾರಗಳಲ್ಲಿ, ಉಳಿದಿದ್ದ ರಜೆಗಳಲ್ಲಿ, ಇನ್ನೂರ ಹನ್ನೆರಡು ಮಂದಿಯ ಪಟ್ಟಿ ಹಿಡಿದು ಬಸ್ಸು ಹತ್ತಿದಳು. ಕುಷ್ಟಗಿ ಕಡೆ ಒಂದು ದಿನ, ಯಲಬುರ್ಗಾ ಕಡೆ ಎರಡು ದಿನ, ಗಂಗಾವತಿಯ ಕಾಲುವೆ ಹಳ್ಳಿಗಳಿಗೆ ಮತ್ತೆರಡು. ಬಸ್ಸು ಹೋಗದ ಕಡೆಗೆ ವಿರುಪಣ್ಣ ತನ್ನ ಹಳೆಯ ಬೈಕಿನಲ್ಲಿ ಕರೆದೊಯ್ದ. ಹೆಂಡತಿಯ ನೌಕರಿ ಕಳೆಯುವ ಕೆಲಸಕ್ಕೆ ಪೆಟ್ರೋಲ್ ಹಾಕಿಸಿದ ಗಂಡ ಅವನೊಬ್ಬನೇ ಇರಬೇಕು.

ಊರಿಗೆ ಹೋಗಿ ಆಕೆ ಕೇಳುತ್ತಿದ್ದುದು ಒಂದೇ ಮಾತು. ಇಂಥವರ ಮೋಟಾರ್ ಕೆಟ್ಟರೆ ನಿಮ್ಮ ಫೋನಿನಿಂದ ದೂರು ಕೊಡುತ್ತೀರಾ, ಮೆಕ್ಯಾನಿಕ್ ಬಂದರೆ ಇವರನ್ನು ಕೂಗುತ್ತೀರಾ? ಹೂಂ ಎಂದವರ ಹೆಸರನ್ನು ಅವರ ಎದುರಿಗೇ ಬರೆದುಕೊಳ್ಳುತ್ತಿದ್ದಳು. ಹುಲಿಗವ್ವನಿಗೆ ಹಾಲಿನ ಡೇರಿಯ ಯಮನೂರಮ್ಮ ಸಿಕ್ಕಳು. ಹೀಗೆ ಒಬ್ಬೊಬ್ಬರಿಗೂ ತನ್ನ ಬದಲಿಗೆ ಇನ್ನೊಬ್ಬರನ್ನು ಹುಡುಕಿಟ್ಟಳು.

ಮಾರ್ಚ್ 29ಕ್ಕೆ ಎರಡನೆಯ ಪರೀಕ್ಷೆಯಾಯಿತು. ಅಲ್ಲಾಸಾಬನನ್ನು ಹುಲಿಹೈದರದಿಂದ ಕರೆಸಿದ್ದಳು. ಅವನು ತನ್ನ ಮೊಬೈಲಿನಿಂದ ಏಳು ಹುಲಿಗೆಪ್ಪಗಳಲ್ಲಿ ಮೂರನೆಯವನ ದೂರು ಕೊಟ್ಟ. ಗರಗರ ಎಂಬುದನ್ನು ಕನ್ನಡದಲ್ಲಿಯೇ ಒತ್ತಿದ. ಅದು ಆ ಹುಲಿಗೆಪ್ಪನ ಹೆಸರಿಗೇ ಹೋಗಿ ಕೂತು, ಗಾದಿಲಿಂಗಪ್ಪನ ಮೊಬೈಲಿನಲ್ಲಿ ಗಂಟೆ ಹೊಡೆಯಿತು. ಪುಟದ ಕೊನೆಗೆ ಫ್ಯಾಕ್ಸ್ ಇದ್ದ ಜಾಗದಲ್ಲಿ ‘ಯಾರನ್ನು ಕೂಗಬೇಕು?’ ಎಂದಿತ್ತು. ತಾನು ನಲವತ್ತಮೂರು ಮೋಟಾರಿನ ಸಾಹುಕಾರನಾಗಿದ್ದು ಒಂದೇ ತಿಂಗಳಾಯಿತಲ್ಲ ಎಂದು ಅಲ್ಲಾಸಾಬ ಬೇಸರ ಮಾಡಿಕೊಂಡಂತೆ ನಟಿಸಿದ. ಎಲ್ಲರೂ ನಕ್ಕರು.

ಶನಿವಾರ, ಮಾರ್ಚ್ 31. ಕಳಕಮ್ಮ ಕಾಗದಗಳನ್ನು ಜೋಡಿಸಿ ತಂದಿಟ್ಟಳು. ಅಂಕಪಟ್ಟಿ, ವರದಿ, ಕೊನೆಗೆ ಒಂದು ಹಾಳೆ. ಇನ್ನೂರ ಹನ್ನೆರಡರಲ್ಲಿ ಇನ್ನೂರ ಒಂದು ಮಂದಿಗೆ ಜನ ಸಿಕ್ಕಿದ್ದಾರೆ, ಹನ್ನೊಂದು ಮಂದಿಗೆ ಯಾರೂ ಸಿಗಲಿಲ್ಲ, ಅವರಿಗೆ ತನ್ನ ಸ್ವಂತ ಮೊಬೈಲನ್ನೂ ಭಾಗ್ಯನಗರದ ಮನೆಯ ವಿಳಾಸವನ್ನೂ ಹಾಕಿದ್ದೇನೆ, ಇದು ಆ ಹನ್ನೊಂದು ಹೆಸರು ಎಂದಳು. ಹಂಪಣ್ಣನವರು ಓದಿ ಸಹಿ ಮಾಡಿದರು. ನಾನು ಓದದೆಯೇ ಮಾಡಿದೆ. ಅಷ್ಟು ಹೊತ್ತಿಗೆ ಆಕೆಯ ಮುಖ ನೋಡುವ ಧೈರ್ಯ ಉಳಿದಿರಲಿಲ್ಲ, ಬೇಗ ಮುಗಿದರೆ ಸಾಕಿತ್ತು. ಕಳಕಮ್ಮ ಕೊನೆಯಲ್ಲಿ, ತನ್ನ ದುಂಡು ಅಕ್ಷರದಲ್ಲಿ, ಪ್ರತಿ ಹಾಳೆಗೂ ಸಹಿ ಹಾಕಿದಳು.

ಸಂಜೆ ಆಕೆ ಹಳೆಯ ಕಂಪ್ಯೂಟರನ್ನು ಆರಿಸಿ, ಹಳೆಯ ಸೀರೆಯಿಂದ ತಾನೇ ಹೊಲಿದಿದ್ದ ಹೊದಿಕೆಯನ್ನು ಅದಕ್ಕೆ ಹೊದಿಸಿದಳು. ಹಂಪಣ್ಣನವರು ಶಾಲು ಹೊದಿಸಿದರು. ನಾನು ಎರಡು ಮಾತು ಆಡಬೇಕಿತ್ತು. ‘ಕಚೇರಿಗೆ ಒಳ್ಳೆಯ ಸೇವೆ ಸಲ್ಲಿಸಿದ್ದಾರೆ’ ಎಂದು ಹೇಳಿ ಕೂತೆ. ಬೈಯಲು ಎಷ್ಟೆಲ್ಲ ಶಬ್ದ ಬರುತ್ತಿದ್ದ ಬಾಯಿಗೆ ಅಂದು ಕ್ಷಮಿಸಿ ಎಂಬ ಒಂದು ಶಬ್ದ ಬರಲಿಲ್ಲ. ಅದನ್ನು ಯಾವತ್ತಾದರೂ ಹೇಳಿದರಾಯಿತು ಎಂದುಕೊಂಡೆ.

ಪೋರ್ಟಲ್ ಚೆನ್ನಾಗಿ ನಡೆಯಿತು. ಬೇರೆ ಜಿಲ್ಲೆಯವರು ನೋಡಲು ಬಂದರೆ, ಸಪ್ಪಳ ಕೇಳಿ ದೋಷ ಹೇಳುವ ಪುಟವನ್ನು ನಾನೇ ಕಲ್ಪಿಸಿದವನಂತೆ ತೋರಿಸುತ್ತಿದ್ದೆ. ಕಳಕಮ್ಮ ಒಂದು ವರ್ಷ ಮನೆಯಲ್ಲಿದ್ದು, ಮೋಟಾರ್ ವೈಂಡಿಂಗ್ ಕಲಿತು, ವಿರುಪಣ್ಣನ ಜೊತೆ ಭಾಗ್ಯನಗರದಲ್ಲಿ ಸಣ್ಣ ಅಂಗಡಿ ಹಾಕಿದಳು ಎಂದು ಕೇಳಿದ್ದೆ. ಹೋಗಿ ನೋಡಲಿಲ್ಲ. ನಾನು 2014ರಲ್ಲಿ ನಿವೃತ್ತನಾದೆ.

ಗಂಗಾವತಿ ಕಡೆಯ ಮರಳಿ ಎಂಬ ಹಳ್ಳಿಯಲ್ಲಿ ನನ್ನ ಪಾಲಿಗೆ ಬಂದ ಮೂರೆಕರೆ ಗದ್ದೆಯಿದೆ. ಎತ್ತರದ ಜಾಗ, ಕಾಲುವೆಯ ನೀರು ತಾನಾಗಿ ಏರುವುದಿಲ್ಲ, ಮೋಟಾರ್ ಬೇಕು. ಸಂಘ ಹುಟ್ಟಿದ ವರ್ಷವೇ ಸದಸ್ಯನಾಗಿದ್ದೆ. ಪಾಲಿನ ವಿಷಯಕ್ಕೆ ಅಣ್ಣನ ಜೊತೆ ಮಾತು ಬಿಟ್ಟು ಇಪ್ಪತ್ತು ವರ್ಷವಾಯಿತು. ನೀರಿನ ಸರದಿಗೆ ಎಡಗಡೆಯ ಗದ್ದೆಯವರ ಜೊತೆ, ಬದುವಿಗೆ ಬಲಗಡೆಯವರ ಜೊತೆ ಜಗಳವಾಗಿತ್ತು. ಗುತ್ತಿಗೆಗೆ ಮಾಡುತ್ತಿದ್ದವನ ಜೊತೆ 2019ರಲ್ಲಿ ಜಗಳವಾಗಿ, ಆ ವರ್ಷ ನಾನೇ ನಾಟಿ ಮಾಡಿಸಲು ಹೊರಟೆ. ಸಸಿ ಕಿತ್ತು ಇಟ್ಟಿದ್ದರು, ಆಳುಗಳು ಬಂದಿದ್ದರು, ಮೋಟಾರ್ ಸುಮ್ಮನಾಯಿತು. ಜೇಬಿನಿಂದ ಮೊಬೈಲ್ ತೆಗೆದು ಮೊಟ್ಟಮೊದಲ ಸಲ ನಮ್ಮದೇ ಪೋರ್ಟಲ್ ತೆರೆದೆ. ಸದಸ್ಯತ್ವದ ನಂಬರ್ ಒತ್ತಿದೆ. ಹೆಸರು ಬಂತು, ಊರು ಬಂತು. ಪುಟದ ಕೊನೆಗೆ, ನಾನು ತುಂಬುವ ಮೊದಲೇ ತುಂಬಿದ್ದ ಒಂದು ಸಾಲು ಬಂತು.

‘ಯಾರನ್ನು ಕೂಗಬೇಕು?: ಕಳಕಮ್ಮ, ಭಾಗ್ಯನಗರ. ಹೊಲದ ದಾರಿ ಈಕೆ ಹೇಳುತ್ತಾಳೆ.’

ಆಳುಗಳಿಗೆ ನಾಳೆ ಬನ್ನಿ ಎಂದು ಹೇಳಿ, ದೂರನ್ನು ಕಳಿಸದೆ, ಬಸ್ಸು ಹಿಡಿದು ಸೀದಾ ಭಾಗ್ಯನಗರಕ್ಕೆ ಹೋದೆ.

ಅಂಗಡಿ ಸಿಗುವುದು ಕಷ್ಟವಾಗಲಿಲ್ಲ. ಬಾಗಿಲಲ್ಲೇ ಬಿಚ್ಚಿದ ಮೋಟಾರುಗಳು ಸಾಲಾಗಿ ನಿಂತಿದ್ದವು. ಕಳಕಮ್ಮ ನೆಲದ ಮೇಲೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದಳು, ಕನ್ನಡಕ ಬಂದಿತ್ತು. ಎದ್ದು ಕುರ್ಚಿ ಒರೆಸಿ ಕೂರಲು ಹೇಳಿದಳು. ನಾನು ಕೂರಲಿಲ್ಲ. ಮೊಬೈಲನ್ನು ಮುಂದೆ ಹಿಡಿದು, “ಇದೇನಿದು ಕಳಕಮ್ಮಾ?” ಎಂದು ಕೇಳಿದೆ.

ಆಕೆ ಓದಿ ನೋಡಿದಳು. “ಹನ್ನೊಂದರಾಗ ಒಂದು ನಿಮ್ದ ಇತ್ತಲ್ರಿ ಸರ. ನೀವು ಓದಿ ಸಹಿ ಮಾಡೀರಿ ಅಂತ ತಿಳಕೊಂಡಿದ್ದೆ.”

ನನಗೆ ಫೋನಿತ್ತಲ್ಲ ಎಂದೆ. ಆಗ ನೀವು ಫೋನೇ ಎತ್ತುತ್ತಿರಲಿಲ್ಲವಲ್ಲ, ಅದಕ್ಕೇ ಮೊದಲಿನಿಂದಲೂ ಕೌಂಟರಿನ ಹೆಸರಲ್ಲೇ ಹಾಕಿದ್ದೆ, ಆಮೇಲೆ ನಿಮಗೂ ಒಬ್ಬರನ್ನು ಹುಡುಕೋಣ ಅಂತ ಮರಳಿಗೆ ಹೋಗಿದ್ದೆ ಎಂದಳು. ನಾನು ಆಕೆಗೆ ಕುರ್ಚಿಯ ಮಾತಂದ ಮೇಲೆ, ಯಾವುದೋ ಒಂದು ಭಾನುವಾರ, ಆಕೆ ನನ್ನ ಗದ್ದೆಯ ಬದುವಿನ ಮೇಲೆ ನಿಂತು ನನಗಾಗಿ ಜನರನ್ನು ಕೇಳಿದ್ದಳು.

“ಮತ್ತ? ಏನಂದ್ರು?”

ಆಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. “ನಾಕ ಮನಿ ಕೇಳಿದ್ನ್ರಿ ಸರ. ಒಲ್ಲೆವಾ ಅಂದ್ರು.”

ನಾನು ಆಗ ಕುರ್ಚಿಯ ಮೇಲೆ ಕೂತೆ. ಏಳು ವರ್ಷದಿಂದ ಉಳಿಸಿಕೊಂಡಿದ್ದ ಮಾತು ಕೊನೆಗೂ ಹೊರಗೆ ಬಂತು. ಅಂದು ಎಲ್ಲರ ಎದುರಿಗೆ ನಿಮ್ಮನ್ನು ಹಾಗೆ ಅನ್ನಬಾರದಿತ್ತು, ತಪ್ಪಾಯಿತು ಎಂದೆ. ವಿರುಪಣ್ಣ ಒಳಗಿನಿಂದ ಇಣುಕಿ ಹಿಂದೆ ಸರಿದ. ಕಳಕಮ್ಮ ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ನು ತೆಗೆದು, ಗೋಡೆಗೆ ತೂಗುಹಾಕಿದ್ದ ನೋಟ್‌ಬುಕ್ಕನ್ನು ಕೈಗೆತ್ತಿಕೊಂಡು, ನನ್ನ ಹೆಸರು ಬರೆದಳು.

“ಮೋಟಾರ್ ಬಂದ್ ಆಗೂ ಮೊದಲ ಹೆಂಗ ಸಪ್ಪಳ ಮಾಡ್ತಿತ್ರಿ ಸರ? ಮಾಡಿ ತೋರಸ್ರಿ.”

ಓಣಿಯಲ್ಲಿ ಜನ ಓಡಾಡುತ್ತಿದ್ದರು. ಎದುರಿನ ಅಂಗಡಿಯವನು ಹೊರಗೆ ಬಂದು ನಿಂತಿದ್ದ. ನಾನು ಎದ್ದು, ಪಂಚೆ ಸರಿಮಾಡಿಕೊಂಡು, ಬಾಯಿ ತೆರೆದು ಗರಗರ ಎಂದೆ.

ಆಕೆ ತಲೆ ವಾರೆ ಮಾಡಿ ಕೇಳಿಸಿಕೊಂಡಳು. “ಇನ್ನೊಮ್ಮೆ ಮಾಡ್ರಿ” ಎಂದಳು. ಮಾಡಿದೆ.